ತೋಟವೆಂಬ ಶಬ್ದವೂ ತೋಟಗಾರಿಕೆಯ ಶಾಖೆಗಳೂ

ತೋಟಗಾರಿಕೆಯನ್ನು ಶಾಸ್ತ್ರವೆಂದು ಬೋಧಿಸುವ ಗ್ರಂಥಗಳೆಲ್ಲವೂ ಪ್ರಾಯಶಃ ಒಂದೇ ರೀತಿಯಲ್ಲಿ ಆರಂಭವಾಗುತ್ತವೆ. ಲ್ಯಾಟಿನ್ ಭಾಷೆಯಲ್ಲಿ ‘ಹಾರ್ಟಸ್’ ಎಂದರೆ ತೋಟ, ‘ಕುಲ್ತುರ’ ಎಂದರೆ ಸಾಗುವಳಿ. ಇವೆರಡೂ ಸೇರಿ ಹಾರ್ಟಿಕಲ್ಚರ್ ಎಂಬ ಆಂಗ್ಲ ಶಬ್ದವು ಹದಿನೇಳನೆಯ ಶತಮಾನದಲ್ಲಿ ಉಂಟಾಯಿತೆಂದು ಮೊದಲು ಹೇಳುವರು. ಬಳಿಕ ಶಾಖೆಗಳ ನಿರೂಪಣೆ ಬರುವುದು: ಹಣ್ಣಿನ ಬೆಳೆ, ತರಕಾರಿಯ ಬೆಳೆ, ಹೂವಿನ ಬೆಳೆ, ಉದ್ಯಾನರಚನೆ ಎಂಬಿವು ನಾಲ್ಕು ಮುಖ್ಯ ಶಾಖೆಗಳು. ಭಾರತದಲ್ಲಿ ಬರೆದ ಗ್ರಂಥಗಳಾದರೆ ಇವುಗಳ ತರುವಾಯ ತೆಂಗು, ಅಡಕೆ, ಕಾಫಿ ಮುಂತಾದ ನೆಡುಬೆಳೆಗಳನ್ನೂ, ಸಂಬಾರ ಪದಾರ್ಥಗಳನ್ನೂ, ಔಷಧಿ ಸುಗಂಧ ಸಸ್ಯಗಳನ್ನೂ ಬಾಲದಂತೆ ಜೋಡಿಸುವುವು. ಈ ಪಟ್ಟಿಯನ್ನು ಓದುವ ಕನ್ನಡ ವಿದ್ಯಾರ್ಥಿಗೆ ಒಂದು ಸಂಶಯವು ಹುಟ್ಟಬೇಕು, ಏತಕ್ಕೋ ಹುಟ್ಟುವುದಿಲ್ಲ. ಅವನ ಊರಿನಲ್ಲಿ ‘ತೋಟಕ್ಕೆ ಹೋಗಿದ್ದಾರೆ’ ಎಂದೊಡನೆ ಕೇಳಿದವರ ಮನಸ್ಸಿಗೆ ಮೊದಲು ಬರುವುದು ಯಾವುದೋ ಅದು ಈ ಪಟ್ಟಿಯ ತಲೆಯಲ್ಲಿಲ್ಲ, ಬಾಲದಲ್ಲಿದೆ. ಮಲೆನಾಡಿನವನಾದರೆ ಅಡಕೆಯ ತೋಟ, ತಿಪಟೂರಿನ ಕಡೆಯವನಾದರೆ ತೆಂಗಿನ ತೋಟ, ಕೊಡಗಿನವನಾದರೆ ಕಾಫಿಯ ತೋಟ. ಹಣ್ಣಿನ ತೋಟವೆಂದು ಹೇಳಬೇಕಾದರೆ ‘ಹಣ್ಣಿನ’ ಎಂಬ ವಿಶೇಷಣವನ್ನು ಬೇರೆಯಾಗಿ ಸೇರಿಸಬೇಕು.

ಈ ವಿಭಾಗಕ್ರಮವು ಪ್ರಕೃತಿಸಿದ್ಧವಾದುದಲ್ಲವೆಂದೂ, ಯೂರೋಪಿನ ಒಂದು ಪ್ರದೇಶದ ಊಟ ಮತ್ತು ಹವೆಗಳಿಂದ ಹುಟ್ಟಿದುದೆಂದೂ, ನಮ್ಮ ನಾಡಿನಲ್ಲಿ ಇದಕ್ಕೆ ಮೊದಲೇ ಬೇರೊಂದು ವಿಭಾಗಕ್ರಮವು ರೂಢಿಯಲ್ಲಿದ್ದಿತೆಂದೂ ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಇದು ಬರಿಯ ಶಬ್ದವಾದವೆಂದು ವಾಚಕರು ಭಾವಿಸಬಾರದು. ಯಾವುದನ್ನು ತೋಟವೆಂದು ಕರೆಯುತ್ತೇವೆಯೋ ಅದಕ್ಕೆ ಒಂದು ಬಗೆಯ ಕಂದಾಯವನ್ನೂ, ಒಂದು ಬಗೆಯ ನೀರಿನ ಹಕ್ಕನ್ನೂ, ಕಾಲಕ್ರಮದಲ್ಲಿ ಒಂದು ಬಗೆಯ ವಿದ್ಯೆಯನ್ನೂ ಕೊಟ್ಟಿದ್ದೇವೆ. ಯಾವುದನ್ನು ಹಾಗೆ ಕರೆಯಲಿಲ್ಲವೋ ಅದರ ಚರಿತ್ರೆಯನ್ನು ಬರೆಯುವವರೂ ದೊರೆಯಲಿಲ್ಲ.

ಮುಖ್ಯ ಸಾಕ್ಷಿಯು ಒಬ್ಬ ಪರದೇಶೀಯನದು. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ ೧೮೦೦ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳ ಸೀಮೆಗಳನ್ನು ಸುತ್ತಿ ಬಂದನು. ಅವನ ಪ್ರವಾಸದ ವೃತ್ತಾಂತವು ೧೮೦೭ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಈತನು ಸಸ್ಯಶಾಸ್ತ್ರವನ್ನು ಚೆನ್ನಾಗಿ ಬಲ್ಲವನು. ಆದರೂ ತನ್ನ ಶಾಸ್ತ್ರದ ಹೆಸರುಗಳನ್ನು ರೈತರ ಮೇಲೆ ಹೇರದೆ ಅವರು ಹೇಳಿದ ಹೆಸರುಗಳನ್ನೇ, ತನ್ನ ಕಿವಿಗೆ ಕೇಳಿದಂತೆ, ಬರೆದುಕೊಂಡನು. ಆ ಕಾಗುಣಿತವನ್ನು ಓದಿ ಮೂಲ ಕನ್ನಡ ಶಬ್ದವನ್ನು ಊಹಿಸುವುದೇ ಒಂದು ವಿನೋದ. ಮೈಸೂರು ಸೀಮೆಯ ಸಾಗುವಳಿಯನ್ನು ವಿವರಿಸುವಲ್ಲಿ ಅವನು ತೋಟಗಳಲ್ಲಿ ನಾಲ್ಕು ವಿಧಗಳೆಂದು ಹೇಳುತ್ತಾನೆ: ತರಕಾರಿಯ ತೋಟ, ತೆಂಗಿನ ತೋಟ, ಎಲೆಯ ತೋಟ, ಹೂವಿನ ತೋಟ. ತೆಂಗಿನ ತೋಟವೆಂಬುದನ್ನು ಅವನು ತಾಳೆಜಾತಿಯ ಮರಗಳ ತೋಟವೆಂದು ಭಾಷಾಂತರಿಸಿರುವುದರಿಂದ ಅಡಕೆಯೂ ಇದರಲ್ಲಿ ಸೇರಿತೆಂದು ತಿಳಿಯಬೇಕು. ಎಲೆಯ ತೋಟವೆಂದರೆ ವೀಳೆಯದೆಲೆಯದು.

ಇಲ್ಲಿಯೂ ನಾಲ್ಕು, ಪಠ್ಯಗ್ರಂಥದಲ್ಲಿಯೂ ನಾಲ್ಕು. ಆದರೆ ಎರಡನ್ನೂ ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದರೆ ತರಕಾರಿ ಹೂವುಗಳೆರಡು ಮಾತ್ರ ಸರಿಹೊಂದುತ್ತವೆ. ಉದ್ಯಾನರಚನೆಯು ರೈತನ ಪಟ್ಟಿಯಲ್ಲಿಲ್ಲದಿರುವುದು ಸಹಜ. ಅದು ಅರಮನೆಯ ವಿಷಯ. ಹಣ್ಣು ಇಲ್ಲದಿರುವುದೇ ವಿಚಾರಣೀಯವಾದುದು. ಮಾವು, ಹಲಸು, ಬಾಳೆ, ನೇರಿಳೆಗಳ ನಾಡಿನಲ್ಲಿ ಹಣ್ಣಿನ ತೋಟವೆಂಬ ವರ್ಗವೇ ಇಲ್ಲದೆ ಹೋದುದು ಹೇಗೆ?

ಇದಕ್ಕೆ ಉತ್ತರವು ರೈತರು ತೋಟಕ್ಕೆ ಕೊಡುತ್ತಿದ್ದ ಲಕ್ಷಣದಲ್ಲಿದೆ. ಸುತ್ತಲೂ ಬೇಲಿಯಿರಬೇಕು, ನೆಲವನ್ನು ಗುದ್ದಲಿಯಿಂದ ಅಗೆಯಬೇಕು, ನೇಗಿಲಿನಿಂದ ಉಳಬಾರದು, ನೀರನ್ನು ಕಟ್ಟಬೇಕು. ಅದೇ ಬದನೆಯನ್ನೋ ಮೆಣಸಿನಕಾಯಿಯನ್ನೋ ಉತ್ತ ನೆಲದಲ್ಲಿ ಬೇಲಿಯಿಲ್ಲದೆ ಬೆಳೆದರೆ ಅದು ಹೊಲವೇ ಹೊರತು ತೋಟವಲ್ಲ. ಎಂದರೆ ಬೆಳೆಯು ಯಾವುದು, ಅದರಲ್ಲಿ ತಿನ್ನುವ ಭಾಗವು ಯಾವುದು ಎಂಬುದರಿಂದ ವಿಭಾಗವು ಏರ್ಪಟ್ಟಿರಲಿಲ್ಲ. ನೆಲದೊಡನೆ ಮನುಷ್ಯನು ನಡೆದುಕೊಳ್ಳುವ ರೀತಿಯಿಂದ ಏರ್ಪಟ್ಟಿತ್ತು. ಮಾವು ಹಲಸುಗಳಾದರೋ ತೋಪಿನಲ್ಲಿದ್ದುವು. ತೋಪಿಗೆ ಬೇಲಿಯಿಲ್ಲ, ಮೊದಲ ಕೆಲವು ವರ್ಷ ಬಿಟ್ಟರೆ ನೀರಿಲ್ಲ, ದಾರಿಗರು ಅದರ ನೆರಳಿನಲ್ಲಿ ಇಳಿದುಕೊಳ್ಳುವರು, ದನಗಳು ಮಲಗುವುವು. ಅದನ್ನು ನೆಡಿಸುವುದು ಕೆರೆ ಕಟ್ಟಿಸುವಂತೆ, ಅರವಟ್ಟಿಗೆ ಇಡಿಸುವಂತೆ ಪುಣ್ಯಕಾರ್ಯ. ಬಾಳೆ ನಿಂಬೆಗಳು ತೋಟದೊಳಗೇ ಇದ್ದುವು, ಆದರೆ ಒಕ್ಕಲಾಗಿ ಇದ್ದುವೇ ಹೊರತು ಯಜಮಾನರಾಗಿ ಅಲ್ಲ. ಅಡಕೆಯ ಸಸಿಯು ಏಳುವವರೆಗೆ ಅದಕ್ಕೆ ನೆರಳು ಬೇಕು. ಆ ನೆರಳಿಗೆಂದು ಬಾಳೆಯನ್ನು ಮೊದಲೇ ನೆಡುವರು. ನಾವು ಹಣ್ಣೆಂದು ತಿನ್ನುವುದು ಆ ದಾದಿಯ ಕೆಲಸಕ್ಕೆ ಬಂದ ಸಂಬಳ.

ಶಬ್ದವನ್ನೇ ನೋಡಿದರೂ ಇದೇ ಅರ್ಥವು ಹೊರಡುವಂತಿದೆ. ಲ್ಯಾಟಿನ್ ‘ಹಾರ್ಟಸ್’ ಶಬ್ದಕ್ಕೂ ಆಂಗ್ಲದ ‘ಗಾರ್ಡನ್’, ‘ಯಾರ್ಡ್’ ಎಂಬ ಶಬ್ದಗಳಿಗೂ ಮೂಲಾರ್ಥವು ಆವರಣ, ಸುತ್ತುಗಟ್ಟಿದ ಜಾಗ. ನಮ್ಮ ‘ತೋಟ’ವು ಹಳಗನ್ನಡದಲ್ಲಿ ‘ತೋಂಟ’, ತಮಿಳಿನಲ್ಲಿ ‘ತೋಟ್ಟಂ’. ಕನ್ನಡದ ‘ತೋಡು’, ತಮಿಳಿನ ‘ತೋಂಡು’ ಎಂಬ, ಅಗೆಯುವ ಅರ್ಥದ ಧಾತುಗಳೊಡನೆ ಇದಕ್ಕೆ ಬಂಧುತ್ವವಿದೆಯೆಂದು ನನ್ನ ಅಭಿಪ್ರಾಯ. ಇದು ನಿಜವಾದರೆ ಯೂರೋಪಿನವರು ತೋಟವನ್ನು ಬೇಲಿಯಿಂದಲೂ ನಾವು ಗುದ್ದಲಿಯಿಂದಲೂ ಗುರುತಿಸಿದೆವೆನ್ನಬಹುದು. ಬುಕಾನನನಿಗೆ ಉತ್ತರವಿತ್ತ ರೈತರು ಎರಡನ್ನೂ ಸೇರಿಸಿ ಹೇಳಿದರು. ಅರಮನೆಗೆ ಸೇರಿದ ಮಾತುಗಳನ್ನು ಇದಕ್ಕೆ ಹೋಲಿಸಿರಿ: ಉದ್ಯಾನ, ಉಪವನ, ನಂದನವನ ಇವು ಸಂಸ್ಕೃತ, ‘ಆರವೆ’ ಎಂಬುದು ‘ಆರಾಮ’ದ ತದ್ಭವ, ‘ಬಾಗು’ ಪಾರಸಿಯದು. ವಿಹಾರಕ್ಕೆ ಬೇಕಾದ ಶಬ್ದಗಳನ್ನು ನಾವು ಹೊರಗಿನಿಂದ ತಂದುಕೊಂಡೆವು. ಬೆವರಿಗೆ ಬೇಕಾದ ಶಬ್ದವು ಮನೆಯಲ್ಲಿಯೇ ಇತ್ತು.

ಶಾಸನಗಳಲ್ಲಿ ಈ ಭೇದವು ಚೆನ್ನಾಗಿ ಕಾಣುವುದು. ದೇವಾಲಯಗಳಿಗೆ ದತ್ತಿ ಬಿಟ್ಟ ಚಾಲುಕ್ಯ ಹೊಯ್ಸಳರ ಕಾಲದ ಶಾಸನಗಳನ್ನು ಓದಿದವರಿಗೆ ಗದ್ದೆ, ಬೆದ್ದಲೆ, ತೋಂಟ, ಗಾಣ, ಮನೆ ಎಂಬ ಸಾಲು ಪರಿಚಿತವಾದುದು. ಹಲವೆಡೆ ಗದ್ದೆ ಬೆದ್ದಲೆಗಳನ್ನು ಮತ್ತರುಗಳಲ್ಲಿ ಹೇಳಿ, ತೋಟವನ್ನು ಅದಕ್ಕಿಂತ ಕಿರಿದಾದ ಕಮ್ಮಗಳಲ್ಲಿ ಹೇಳಿರುವುದು ಕಂಡುಬರುತ್ತದೆ. ಅಳತೆಯ ಕೋಲು ಕಿರಿದಾಗುವುದೆಂದರೆ ನೆಲದ ಬೆಲೆಯು ಹೆಚ್ಚಿತೆಂದು ಅರ್ಥ. ಅಲ್ಲಿ ಬರುವ ತೋಟಗಳಾದರೂ ಯಾವುವು? ದೇವರ ಪೂಜೆಗೆ ಹೂದೋಂಟ, ತಾಂಬೂಲಕ್ಕೆ ಎಲೆಯ ತೋಂಟ, ಅಡಕೆಯ ತೋಂಟ. ದೇವರ ನಿತ್ಯಸೇವೆಗೆ ಹೂ, ಎಲೆ, ಅಡಕೆ, ತೆಂಗು ಇವು ದಿನವೂ ಬೇಕು. ತಪ್ಪಿದರೆ ಸೇವೆಯು ಕೆಡುವುದು. ವರ್ಷವೆಲ್ಲ ತಪ್ಪದೆ ದೊರೆಯಬೇಕಾದರೆ ನೀರು ಬೇಕು, ಬೇಲಿ ಬೇಕು, ಒಬ್ಬನು ಅದನ್ನೇ ಕಾಯಕವಾಗಿ ಮಾಡಬೇಕು. ಆದುದರಿಂದ ೧೮೦೦ರಲ್ಲಿ ಬುಕಾನನನು ಕೇಳಿದ ನಾಲ್ಕು ಹೆಸರುಗಳು ಆಗತಾನೇ ಹುಟ್ಟಿದುವಲ್ಲ. ಮಾರುಕಟ್ಟೆಯೂ ದೇವಾಲಯವೂ ಅನೇಕ ಶತಮಾನಗಳಿಂದ ಕೇಳುತ್ತಿದ್ದುದನ್ನೇ ಅವು ಹೇಳುತ್ತವೆ. ಎಡೆಯೂರಿನ ಸಿದ್ಧಲಿಂಗ ಯತಿಗಳಿಗೆ ತೋಟದಲ್ಲಿ ತಪಸ್ಸು ಮಾಡಿದ ಕಾರಣ ‘ತೋಂಟದ’ ಎಂಬ ವಿಶೇಷಣವು ಬಂದಿತೆಂಬ ಸಂಪ್ರದಾಯವನ್ನೂ ಇಲ್ಲಿ ನೆನೆಯಬಹುದು. ಕಾಡೂ ಅಲ್ಲದ ಊರೂ ಅಲ್ಲದ, ಸುತ್ತು ಕಟ್ಟಿದ ಏಕಾಂತವೆಂಬ ಅರ್ಥವು ಆ ಹೆಸರಿನಲ್ಲಿ ಉಳಿದಿದೆ.

ಶಾಸ್ತ್ರಗ್ರಂಥಗಳು ಏನೆನ್ನುತ್ತವೆಯೆಂಬುದನ್ನೂ ನೋಡಬೇಕು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿ ಲೋಕಕ್ಕೆ ತಿಳಿಯಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೀತಾಧ್ಯಕ್ಷನ ಪ್ರಕರಣವೊಂದಿದೆ. ಧಾನ್ಯದ ಬೀಜಗಳೊಡನೆ ಹೂ, ಹಣ್ಣು, ಕಾಯಿಪಲ್ಯ, ಗೆಡ್ಡೆ, ಬೇರು, ಬಳ್ಳಿಗಳ ಬೀಜಗಳನ್ನೂ ಅವನು ಸಕಾಲದಲ್ಲಿ ಕೂಡಿಸಿಡಬೇಕು. ಇಲ್ಲಿಯವರೆಗೆ ವಿಭಾಗವು ಪಠ್ಯಗ್ರಂಥದಂತೆಯೇ ಇದೆ. ಆದರೆ ನೆಡುವ ಜಾಗವನ್ನು ಹೇಳುವಾಗ ಕೌಟಿಲ್ಯನು ಬೇರೆ ಮಾರ್ಗವನ್ನು ಹಿಡಿಯುತ್ತಾನೆ: ನೊರೆಯು ಬಡಿಯುವ ನದೀತೀರವು ಬಳ್ಳಿಕಾಯಿಗಳಿಗೆ, ಪ್ರವಾಹವು ಹರಿದು ನಿಂತ ಅಂಚು ಹಿಪ್ಪಲಿ, ದ್ರಾಕ್ಷಿ, ಕಬ್ಬುಗಳಿಗೆ, ಬಾವಿಯ ಸುತ್ತಲು ಕಾಯಿಪಲ್ಯ ಮತ್ತು ಬೇರುಗಳಿಗೆ. ಇದು ನೀರಿನ ವಿಭಾಗ. ದ್ರಾಕ್ಷಿಯೂ ಕಬ್ಬೂ ಒಂದೇ ಸಾಲಿನಲ್ಲಿ ನಿಂತಿರುವುದನ್ನು ನೋಡಿ ಇಂದಿನ ಕಾಲೇಜಿನ ವಿದ್ಯಾರ್ಥಿಯು ನಗಬಹುದು. ನೀರು ಹಾಯಿಸುವವನು ನಗಲಾರನು.

ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಪ್ರಕರಣವು ಚಿಕ್ಕದು, ಆದರೆ ಅನುಭವದಿಂದ ತುಂಬಿದುದು. ಮೃದುವಾದ ನೆಲವೇ ಎಲ್ಲ ಮರಗಳಿಗೂ ಹಿತವಾದುದು. ಅದರಲ್ಲಿ ಮೊದಲು ಎಳ್ಳನ್ನು ಬಿತ್ತಿ, ಹೂ ಬಿಟ್ಟಾಗ ಅಲ್ಲಿಯೇ ತುಳಿಸಿ ಮಣ್ಣಿಗೆ ಸೇರಿಸಬೇಕೆಂದು ಅವನು ಹೇಳುತ್ತಾನೆ. ಹಸುರುಗೊಬ್ಬರವೆಂದು ನಾವು ಈಗ ಕರೆಯುವುದು ಇದನ್ನೇ. ಮರದಿಂದ ಮರಕ್ಕೆ ಇಪ್ಪತ್ತು ಮೊಳವು ಉತ್ತಮ, ಹದಿನಾರು ಮಧ್ಯಮ, ಹನ್ನೆರಡು ಕನಿಷ್ಠ. ಇಪ್ಪತ್ತು ಮೊಳವೆಂದರೆ ಸುಮಾರು ಮೂವತ್ತು ಅಡಿ. ಮಾವಿನ ಸಸಿಗಳಿಗೆ ಬಹುಕಾಲ ಹೇಳುತ್ತ ಬಂದ ಹತ್ತು ಮೀಟರಿನ ಅಂತರಕ್ಕೂ ಇದಕ್ಕೂ ಹೆಚ್ಚು ಭೇದವಿಲ್ಲ. ಹಲಸು, ಬಾಳೆ, ದಾಳಿಂಬೆ, ದ್ರಾಕ್ಷಿ, ಮಾದಲ ಮುಂತಾದುವನ್ನು ಕಡ್ಡಿಯಿಂದ ಬೆಳೆಯಿಸುವುದನ್ನೂ, ಬೇರುಮೂಲದಲ್ಲಾಗಲಿ ಕಾಂಡದಲ್ಲಾಗಲಿ ಕೂಡಿಸಿ ಸಗಣಿಯನ್ನು ಮೆತ್ತಿ ಬೆಳೆಯಿಸುವುದನ್ನೂ ಅವನು ಬಲ್ಲನು. ಕಸಿಯೆಂಬುದು ಪರದೇಶದಿಂದ ಬಂದ ವಿದ್ಯೆಯೆಂದು ಸಾರುವವರು ಈ ಭಾಗವನ್ನು ಒಮ್ಮೆ ಓದಬೇಕು. ಆದರೆ ಉಭಯ ಪಕ್ಷಗಳಿಗೂ ನ್ಯಾಯ ಸಲ್ಲಬೇಕು: ಮಾವಿನಲ್ಲಿ ಒಂದೇ ಜಾತಿಯನ್ನು ತಲೆಮಾರುಗಟ್ಟಲೆ ಕೆಡದಂತೆ ಕಸಿಯಿಂದ ಕಾಯ್ದುಕೊಂಡು ಬರುವ ಪದ್ಧತಿಯು ನಮ್ಮ ಕರಾವಳಿಯಲ್ಲಿ ಹಬ್ಬಿದುದು ಪೋರ್ಚುಗೀಸರ ಗೋವೆಯಿಂದಲೇ. ಆಪೂಸು ಎಂಬ ಹೆಸರೇ ಅದಕ್ಕೆ ಸಾಕ್ಷಿ.

ಕನ್ನಡದಲ್ಲಿಯೇ ಈ ವಿಷಯವನ್ನು ಹೇಳಿದ ಗ್ರಂಥವೆಂದರೆ ಪಶ್ಚಿಮ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಕ್ರಿ. ಶ. ೧೦೨೫ರ ಸುಮಾರಿನಲ್ಲಿ ರಚಿಸಿದ ಲೋಕೋಪಕಾರ. ವೃಕ್ಷಾಯುರ್ವೇದವು ಇಲ್ಲಿ ಅಂತರ್ಜಲದ ಲಕ್ಷಣ, ಅಡುಗೆ, ಸುಗಂಧದ್ರವ್ಯ, ಪಶುವೈದ್ಯಗಳ ನಡುವೆ ಕುಳಿತಿದೆ. ಇದನ್ನು ಕೆಲವರು ಅವ್ಯವಸ್ಥೆಯೆನ್ನುವರು. ನನಗೆ ಹಾಗೆ ತೋರುವುದಿಲ್ಲ. ಬಾವಿ, ಗಿಡ, ಹಸು, ಒಲೆ ಇವು ಒಂದೇ ಮನೆಯ ಹಿತ್ತಲಿನಲ್ಲಿರುವ ವಸ್ತುಗಳು. ಗೃಹಸ್ಥನು ಒಂದೇ ಪುಸ್ತಕದಲ್ಲಿ ಅವನ್ನು ಕೇಳಿದನು. ಸುಮಾರು ನೂರು ವರ್ಷಗಳ ಮೇಲೆ ಕಲ್ಯಾಣದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿಯಾದರೋ ತೋಟವು ರಾಜನ ವಿನೋದಗಳೊಡನೆ ಸೇರುವುದು. ಹಿತ್ತಲಿನ ತೋಟ, ಅರಮನೆಯ ಉದ್ಯಾನ ಎಂಬ ಎರಡು ಪರಂಪರೆಗಳು ಈ ಎರಡು ಗ್ರಂಥಗಳಲ್ಲಿ ಬೇರೆಬೇರೆಯಾಗಿ ನಿಂತಿವೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಹಣ್ಣಿನ ತೋಟವೆಂಬ ವರ್ಗವಿಲ್ಲದಿದ್ದರೆ ವಿಜಯನಗರದ ಪೇಟೆಗಳಲ್ಲಿ ಪರದೇಶದ ಯಾತ್ರಿಕರು ಕಂಡ ಹಣ್ಣುಗಳು ಎಲ್ಲಿಂದ ಬಂದುವು? ೧೪೪೩ರಲ್ಲಿ ಬಂದ ಅಬ್ದುರ್ ರಜಾಕನು ಕೋಟೆಯ ಹೊರಸುತ್ತುಗಳ ನಡುವೆ ಹೊಲಗಳನ್ನೂ ತೋಟಗಳನ್ನೂ ಕಂಡನು. ಗುಲಾಬಿಯಿಲ್ಲದೆ ಈ ಜನರು ಬದುಕಲಾರರೆಂದು ಬೆರಗಾದನು. ತಾಂಬೂಲವನ್ನು ಬಹಳ ವಿಸ್ತಾರವಾಗಿ ವರ್ಣಿಸಿದನು. ೧೫೨೦ರ ಸುಮಾರಿನಲ್ಲಿ ಬಂದ ಪೋರ್ಚುಗೀಸ ಪಯಸನು ಕಿತ್ತಿಲೆ, ನಿಂಬೆ, ದಾಳಿಂಬೆ, ದ್ರಾಕ್ಷಿ, ಹಲಸು, ಮಾವುಗಳ ರಾಶಿಯನ್ನು ಕಂಡು, ಒಂದು ಹಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಹತ್ತು ದಾಳಿಂಬೆ ಎಂದು ಬೆಲೆಯನ್ನೂ ಬರೆದಿಟ್ಟನು. ಈ ಸಾಕ್ಷ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಇವೆಲ್ಲ ರಾಜಧಾನಿಯ ಬಳಿಯ ತೋಟಗಳೆಂಬುದನ್ನು ಮರೆಯಬಾರದು. ದ್ರಾಕ್ಷಿ ದಾಳಿಂಬೆಗಳು ಅರಮನೆಯನ್ನೂ ದಂಡಿನ ಪೇಟೆಯನ್ನೂ ಹಿಂಬಾಲಿಸಿ ಬಂದುವು. ರಾಜಧಾನಿಯು ಹಾಳಾದೊಡನೆ ಅವುಗಳಲ್ಲಿ ಬಹುಭಾಗವು ಹಾಳಾಯಿತೆಂದು ಊಹಿಸುವುದು ತಪ್ಪಾಗದು. ಅಡಕೆಯ ತೋಟವು ಯಾವ ರಾಜನನ್ನೂ ಹಿಂಬಾಲಿಸಲಿಲ್ಲ. ರಾಜರೇ ಅದನ್ನು ಹಿಂಬಾಲಿಸಿದರು.

ಹೀಗೆ ಹಿಂಬಾಲಿಸಿದವರಲ್ಲಿ ಮೊದಲಿಗನೆನ್ನಬಹುದಾದವನು ಕೆಳದಿಯ ಶಿವಪ್ಪನಾಯಕ. ೧೬೪೫ರಿಂದ ೧೬೬೦ರವರೆಗೆ ಆಳಿದ ಈತನ ‘ಶಿಸ್ತು’ ಎಂಬ ಕಂದಾಯದ ಏರ್ಪಾಡು ಪ್ರಸಿದ್ಧವಾಗಿದೆ. ಊರೂರಿನಲ್ಲಿ ಒಂದೊಂದು ಬಗೆಯ ನೆಲವನ್ನು ಆರಿಸಿ ಹನ್ನೆರಡು ವರ್ಷಗಳ ಬೀಜ, ಬೆಳೆ, ಬೆಲೆಗಳ ಲೆಕ್ಕವನ್ನಿಡಿಸಿ ಗದ್ದೆಯ ಕಂದಾಯವನ್ನು ನಿಶ್ಚಯಿಸಿದನೆಂದು ಹೇಳುವರು. ಅಡಕೆಯ ತೋಟಕ್ಕೆ ಬಂದಾಗ ಅವನ ಮಾನವೇ ಬದಲಾಯಿತು: ಸಾವಿರ ಮರಗಳು ಹಿಡಿಯುವಷ್ಟು ನೆಲವೇ ಅಲ್ಲಿ ಒಂದು ಘಟಕ. ಮರಗಳ ನಡುವಣ ‘ದಾಯ’ವನ್ನು ಗೊತ್ತುಮಾಡಿ, ಮಣ್ಣಿನ ಗುಣವನ್ನೂ ಅಡಕೆಯ ಗುಣವನ್ನೂ ನೋಡಿ ಸೀಮೆಸೀಮೆಗೆ ಬೇರೆ ದರವನ್ನು ಕಟ್ಟಿದರು. ನೆಲವನ್ನು ಅಳೆಯದೆ ಮರವನ್ನು ಎಣಿಸುವ ಈ ಪದ್ಧತಿಯು ತೋಟಗಾರಿಕೆಯ ಮೂಲತತ್ತ್ವವನ್ನೇ ಹಿಡಿದಿದೆ. ಹೊಲದಲ್ಲಿ ಒಂದೊಂದು ಗಿಡಕ್ಕೆ ಬೆಲೆಯಿಲ್ಲ, ಬೆಳೆಗೆ ಬೆಲೆ. ತೋಟದಲ್ಲಿ ಒಂದೊಂದು ಗಿಡವೂ ಒಂದು ಆಸ್ತಿ. ಕೃಷಿಗೂ ತೋಟಗಾರಿಕೆಗೂ ಇರುವ ಭೇದವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಲಕ್ಷಣವಾಕ್ಯವನ್ನು ನಾನು ಯಾವ ಪಠ್ಯಗ್ರಂಥದಲ್ಲಿಯೂ ಕಂಡಿಲ್ಲ.

ಮಲೆನಾಡಿನ ಅಡಕೆಯ ತೋಟವನ್ನು ನೋಡಿದವರಿಗೆ ಶಾಖಾವಿಭಾಗದ ಕಷ್ಟವು ಕೂಡಲೇ ಅರಿವಾಗುವುದು. ಎರಡು ಗುಡ್ಡಗಳ ನಡುವಣ ಇಕ್ಕಟ್ಟಾದ ಕಣಿವೆ; ಸಾಲುಸಾಲಿಗೂ ನೀರು ಬಸಿಯುವ ಕಾಲುವೆ; ಮೇಲೆ ಅಡಕೆ, ಅದನ್ನು ಹಬ್ಬಿದ ಮೆಣಸು ಅಥವಾ ವೀಳೆಯದ ಬಳ್ಳಿ, ನಡುವೆ ಬಾಳೆ, ಕೆಳಗೆ ಏಲಕ್ಕಿ. ನೆಡುಬೆಳೆ, ಸಂಬಾರ, ಹಣ್ಣು ಎಂದು ಇಲಾಖೆಗಳು ಹಂಚಿಕೊಂಡಿರುವುದೆಲ್ಲವೂ ಒಂದೇ ಬುಡದ ಸುತ್ತ ಇದೆ. ತೋಟದ ಬೇಲಿಯು ಮುಗಿದಲ್ಲಿಗೆ ತೋಟವೂ ಮುಗಿಯುವುದಿಲ್ಲ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿಯು ಏರ್ಪಟ್ಟಿತು. ಆ ಬೆಟ್ಟದ ಸೊಪ್ಪೇ ಕೊಟ್ಟಿಗೆಯ ಹಾಸಾಗಿ, ಗೊಬ್ಬರವಾಗಿ, ಮರದ ಬುಡಕ್ಕೆ ಬರುವುದು. ಒಂದಕ್ಕೆ ಒಂಬತ್ತು ಎಂಬ ಈ ಲೆಕ್ಕವನ್ನು ಬಿಟ್ಟು ಅಡಕೆಯ ಲಾಭವನ್ನು ಮಾತ್ರ ಎಣಿಸುವವನು ತೋಟವನ್ನು ಕಂಡವನಲ್ಲ.

ಮಳೆಗಾಲದಲ್ಲಿ ಈ ತೋಟಗಳಿಗೆ ಬೀಳುವ ಕೊಳೆರೋಗದ ಕಥೆಯು ಶಾಖೆಗಳ ಸಂಬಂಧವನ್ನು ತೋರಿಸಲು ಬಹಳ ತಕ್ಕುದಾಗಿದೆ. ಎಳೆಯ ಕಾಯಿಗಳು ಕೊಳೆತು ಉದುರಿ, ಒಂದು ಶ್ರಾವಣದಲ್ಲಿ ವರ್ಷದ ಆದಾಯವೆಲ್ಲ ಬುಡದಲ್ಲಿ ಬಿದ್ದಿರುತ್ತಿತ್ತು. ಗೊನೆಗಳಿಗೆ ಕೊಟ್ಟೆಯನ್ನು ಕಟ್ಟಿ ಮಳೆಯಿಂದ ಮರೆಮಾಡುವುದೊಂದೇ ರೈತರು ಬಲ್ಲ ಉಪಾಯ. ೧೯೦೮ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡದ ಲೆಸ್ಲಿ ಕೋಲ್ಮನ್ನರು ಇದು ಒಂದು ಬಗೆಯ ಬೂಷ್ಟಿನಿಂದ ಬರುವ ರೋಗವೆಂದು ನಿರ್ಧರಿಸಿ ೧೯೧೦ರಲ್ಲಿ ಪ್ರಕಟಿಸಿದರು. ಮೈಲುತುತ್ತ ಸುಣ್ಣಗಳನ್ನು ಕಲಸಿದ ಬೋರ್ಡೊ ದ್ರಾವಣವನ್ನು ಗೊನೆಗಳ ಮೇಲೆ ಎರಚುವ ಪದ್ಧತಿಯನ್ನು ಹರಡಿದರು. ಈ ದ್ರಾವಣವು ಹುಟ್ಟಿದುದು ಎಲ್ಲಿ? ಫ್ರಾನ್ಸಿನ ಬೋರ್ಡೊ ಪ್ರಾಂತದ ದ್ರಾಕ್ಷಿಯ ತೋಟಗಳಲ್ಲಿ. ದಾರಿಯ ಪಕ್ಕದ ಬಳ್ಳಿಗಳ ಹಣ್ಣನ್ನು ದಾರಿಗರು ಕೀಳದಿರಲೆಂದು ಅಲ್ಲಿನವರು ವಿಷದಂತೆ ಕಾಣುವ ಈ ನೀಲಿ ಮಿಶ್ರಣವನ್ನು ಚಿಮುಕಿಸುತ್ತಿದ್ದರು. ಹಾಗೆ ಚಿಮುಕಿಸಿದ ಬಳ್ಳಿಗಳಿಗೆ ಮಾತ್ರ ರೋಗವು ತಗಲದಿದ್ದುದನ್ನು ೧೮೮೨ರಲ್ಲಿ ಕಂಡ ಮಿಲ್ಲಾರ್ಡೆ ಎಂಬ ಪಂಡಿತನು ಪರೀಕ್ಷೆಗಳನ್ನು ನಡೆಸಿ ೧೮೮೫ರಲ್ಲಿ ಅದನ್ನು ಪ್ರಕಟಿಸಿದನು. ಬೇಲಿಯಿಲ್ಲದ ಒಂದು ತೋಟದ ಕಳ್ಳರ ಭಯವು, ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ, ತೀರ್ಥಹಳ್ಳಿ ಕೊಪ್ಪಗಳ ಅಡಕೆಯನ್ನು ಉಳಿಸಿತು! ಪಶ್ಚಿಮದ ಹಣ್ಣಿನ ಶಾಖೆಗೆ ನಾವು ಪಟ್ಟಿರುವ ಋಣವನ್ನು ಹೇಳುವಾಗ ಇದನ್ನೇ ಮೊದಲು ಹೇಳಬೇಕೆಂದು ನನಗೆ ತೋರುತ್ತದೆ.

ಇನ್ನು ಬೆಂಗಳೂರಿನ ಲಾಲ್‌ಬಾಗ್. ಇದರ ಚರಿತ್ರೆಯನ್ನು ಅನೇಕರು ಬರೆದಿರುವುದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. ೧೭೬೦ರಲ್ಲಿ ಹೈದರಾಲಿಯು ಆರಂಭಿಸಿ ಟಿಪ್ಪುವು ವಿಸ್ತರಿಸಿದ ಈ ತೋಟವನ್ನು ಬುಕಾನನನು ೧೮೦೦ರಲ್ಲಿಯೇ ನೋಡಿದನು. ಚೌಕಚೌಕವಾದ ಪಾತಿಗಳು, ನಡುವೆ ಸುರಗಿ ಜಾತಿಯಂತೆ ನೆಟ್ಟಗೆ ನಿಂತ ಸೈಪ್ರಸ್ ಮರಗಳ ಸಾಲುದಾರಿಗಳು. ಒಂದೊಂದು ಬಗೆಯ ಗಿಡಕ್ಕೆ ಒಂದೊಂದು ಪಾತಿ, ಗುಲಾಬಿಗೊಂದು, ದಾಳಿಂಬೆಗೊಂದು. ದ್ರಾಕ್ಷಿ, ಸೇಬು, ಪೇರುಗಳು ಫಲಿಸುತ್ತಿದ್ದುವು. ಗುಡ್‌ಹೋಪ್ ಭೂಶಿರದಿಂದ ಸುಲ್ತಾನನು ತರಿಸಿದ ಗಿಡಗಳೂ ಇದ್ದುವು. ಮೂರು ಬಾವಿಗಳಿಂದ ಎತ್ತುಗಳು ಕಪಿಲೆಯಲ್ಲಿ ನೀರನ್ನು ಎಳೆಯುತ್ತಿದ್ದುವು. ಏತಕ್ಕಿಂತ ಕಪಿಲೆಯೇ ಮೇಲೆಂದು ಕೆಲಸಗಾರರು ಅವನಿಗೆ ಹೇಳಿದರು. ಒಂದು ಗಿಡಕ್ಕೊಂದು ಪಾತಿಯೆಂಬ ಕ್ರಮವನ್ನು ಗಮನಿಸಬೇಕು. ಒಂದೇ ಬುಡದ ಸುತ್ತ ಐದು ಬೆಳೆಗಳನ್ನು ಬೆಳೆಯುವ ಮಲೆನಾಡಿನ ಕ್ರಮಕ್ಕೆ ಇದು ತದ್ವಿರುದ್ಧವಾದುದು. ಮುಂದೆ ಬಂದ ಶಾಖಾವಿಭಾಗಕ್ಕೆ ಇದೇ ಹೆಚ್ಚು ಅನುಕೂಲವಾಯಿತು.

೧೮೫೬ರಲ್ಲಿ ಇದು ಸರ್ಕಾರದ ಸಸ್ಯೋದ್ಯಾನವಾಯಿತು. ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ ೧೮೫೮ರಲ್ಲಿಯೂ, ಜಾನ್ ಕ್ಯಾಮರಾನ್ ೧೮೭೪ರಲ್ಲಿಯೂ, ಜರ್ಮನಿಯ ಕ್ರುಂಬೀಗಲ್ ೧೯೦೮ರಲ್ಲಿಯೂ ಇದರ ಆಡಳಿತಕ್ಕೆ ಬಂದರು. ೧೯೩೨ರಲ್ಲಿ ಎಚ್. ಸಿ. ಜವರಾಯರು ಅಧಿಕಾರ ವಹಿಸಿದುದ ಮೊದಲ್ಗೊಂಡು ಅದು ನಮ್ಮವರ ಕೈಗೆ ಬಂದಿತು. ಕ್ಯಾಮರಾನರ ಕಾಲದಲ್ಲಿ ಬಂದ ಸೀಮೆಬದನೆಯ ಹೆಸರು ತಮಾಷೆಯಾಗಿದೆ. ಮೆಕ್ಸಿಕೋ ದೇಶದ ಈ ಬಳ್ಳಿಯು ನಮಗೆ ‘ಸೀಮೆಯದು’. ನಮ್ಮಿಂದ ಪಡೆದ ತಮಿಳರಿಗೆ ‘ಬೆಂಗಳೂರು ಕತ್ತಿರಿಕ್ಕಾಯ್’. ಹೊಸ ಗಿಡವು ಕೊಟ್ಟವನ ಊರಿನ ಹೆಸರನ್ನು ಹೊತ್ತುಕೊಳ್ಳುವುದೇ ಹೊರತು ಹುಟ್ಟಿದ ಊರಿನ ಹೆಸರನ್ನಲ್ಲ. ಪರಂಗಿಹಣ್ಣು ಪರಂಗಿಯವರದಾದುದೂ ಹೀಗೆಯೇ. ಅಮೆರಿಕೆಯ ಮೆಣಸಿನಕಾಯಿಯು ಮಾತ್ರ ನಮ್ಮ ಮೆಣಸಿನ ಹೆಸರನ್ನೇ ಕಸಿದುಕೊಂಡು, ಮೂಲದ ಮೆಣಸು ‘ಕರಿಯ’ ಎಂಬ ವಿಶೇಷಣವನ್ನು ಹೊರುವಂತೆ ಮಾಡಿತು. ತೋಟದ ಬೇಲಿಗೆ ನಾವು ನೆಡುವ ಕತ್ತಾಳೆಯೂ ಅಮೆರಿಕೆಯದೇ. ತೋಟದ ಲಕ್ಷಣದಲ್ಲಿ ಅರ್ಧವು ಹೊರಗಿನಿಂದ ಬಂದಿದೆಯೆಂದು ಯಾರಾದರೂ ಹಾಸ್ಯ ಮಾಡಿದರೆ ಒಪ್ಪಿಕೊಳ್ಳಬೇಕು.

ಮೇಲಧಿಕಾರಿಗಳ ಹೆಸರುಗಳು ಹೀಗೆ ಇಸವಿಗಳೊಡನೆ ಉಳಿದಿವೆ. ಪಾತಿಯನ್ನು ಅಗೆದವರದು ಒಂದೂ ಉಳಿದಿಲ್ಲ. ಬೆಂಗಳೂರಿನ ಸುತ್ತ ತರಕಾರಿ ಹೂವುಗಳ ತೋಟಗಳನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದವರು ಮುಖ್ಯವಾಗಿ ತಿಗಳರು. ಧರ್ಮರಾಯನ ಗುಡಿಯ ಕರಗದ ಉತ್ಸವದಲ್ಲಿ ಅವರ ಹೆಸರನ್ನು ಊರೆಲ್ಲ ಹೇಳುವುದು. ತೋಟಗಾರಿಕೆಯ ಚರಿತ್ರೆಯಲ್ಲಿ ಅವರಿಗೆ ಒಂದು ಪಂಕ್ತಿಯು ದೊರೆಯುವುದು ಕಷ್ಟ. ಯಾವ ಕೆರೆಯ ಕೆಳಗಿನ ಮಣ್ಣಿಗೆ ಯಾವ ಸೊಪ್ಪು ಹೊಂದುವುದು, ಕೊಳೆಯ ನೀರನ್ನು ಎಷ್ಟು ದಿನ ಹಾಯಿಸಿ ಎಷ್ಟು ದಿನ ಬಿಡಬೇಕು, ಮಲ್ಲಿಗೆಯ ಗಿಡವನ್ನು ಯಾವ ತಿಂಗಳು ಸವರಬೇಕು ಎಂಬ ವಿದ್ಯೆಯು ಅವರ ಕೈಯಲ್ಲಿತ್ತು, ಕಾಗದದ ಮೇಲಿರಲಿಲ್ಲ. ಕೆರೆಗಳು ಬಡಾವಣೆಗಳಾದಂತೆ ತೋಟಗಳು ಹೋದುವು; ತೋಟಗಳೊಡನೆ ಆ ವಿದ್ಯೆಯೂ ಹೋಯಿತು. ಲೋಕೋಪಕಾರದ ಓಲೆಗಳನ್ನು ಹುಡುಕಿ ಅಚ್ಚು ಹಾಕಿಸಿದ ನಾವು, ಬದುಕಿದ್ದವರನ್ನು ಕೇಳಿ ಬರೆದುಕೊಳ್ಳಲಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎಂ. ಎಚ್. ಮರಿಗೌಡರ ನಾಯಕತ್ವದಲ್ಲಿ ತೋಟಗಾರಿಕೆಯು ೧೯೬೩ರಲ್ಲಿ ಪ್ರತ್ಯೇಕ ಇಲಾಖೆಯಾಯಿತು. ಅವರು ರೂಪಿಸಿದ ಯೋಜನೆಯೂ ನಾಲ್ಕು ಅಂಗಗಳದೆಂಬುದು ಕುತೂಹಲಕರವಾಗಿದೆ: ಕ್ಷೇತ್ರಗಳೂ ಸಸ್ಯಾಗಾರಗಳೂ, ಮಣ್ಣಿನ ಪರೀಕ್ಷೆ ಮತ್ತು ಸಸ್ಯರಕ್ಷಣೆಯ ಪ್ರಯೋಗಶಾಲೆಗಳು, ತರಬೇತಿ ಮತ್ತು ಪ್ರಚಾರ, ಬೆಳೆಗಾರರ ಸಹಕಾರ ಸಂಘಗಳು. ಇದು ಬೆಳೆಗಳ ವಿಭಾಗವಲ್ಲ, ರೈತನಿಗೆ ಬೇಕಾದುದರ ವಿಭಾಗ. ೧೯೫೯ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಹುಟ್ಟಿದ ಸಹಕಾರ ಸಂಸ್ಥೆಯು ಈಗ ಹಾಪ್‌ಕಾಮ್ಸ್ ಎಂಬ ಹೆಸರಿನಿಂದ ಹಣ್ಣು ತರಕಾರಿಗಳೆರಡನ್ನೂ ಮಾರುವುದು. ೧೯೬೭ರಲ್ಲಿ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ, ೨೦೦೮ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆಯ ವಿಶ್ವವಿದ್ಯಾಲಯವೂ ಸ್ಥಾಪಿತವಾದುವು. ವಿದ್ಯೆಯು ಹೆಚ್ಚಿದಂತೆ ಶಾಖೆಗಳೂ ಹೆಚ್ಚಿವೆ. ಒಬ್ಬನೇ ಮನುಷ್ಯನು ಎಲ್ಲವನ್ನೂ ಬಲ್ಲವನಾಗಲಾರನಾದುದರಿಂದ ಅದು ಅನಿವಾರ್ಯ. ಅನುಕೂಲಕ್ಕೆಂದು ಮಾಡಿದ ಗೋಡೆಯನ್ನು ವಸ್ತುವಿನಲ್ಲಿಯೇ ಇರುವ ಗೆರೆಯೆಂದು ತಿಳಿಯುವುದಕ್ಕೆ ಮಾತ್ರ ನನ್ನ ಆಕ್ಷೇಪ.

ಈಚೆಗೆ ಭೌಗೋಳಿಕ ಸೂಚಕವೆಂಬ ಕಾನೂನಿನ ರಕ್ಷಣೆಯನ್ನು ಪಡೆದ ನಮ್ಮ ಬೆಳೆಗಳ ಪಟ್ಟಿಯನ್ನು ನೋಡಿದರೆ ಹಳೆಯ ಕ್ರಮವು ಮತ್ತೆ ತಲೆಯೆತ್ತಿರುವಂತಿದೆ. ಮೈಸೂರಿನ ವೀಳೆಯದೆಲೆ, ನಂಜನಗೂಡಿನ ರಸಬಾಳೆ, ಉಡುಪಿಯ ಮಲ್ಲಿಗೆ, ಮಟ್ಟಿನ ಗುಳ್ಳ, ಬ್ಯಾಡಗಿಯ ಮೆಣಸಿನಕಾಯಿ, ಕೊಡಗಿನ ಕಿತ್ತಿಲೆ, ದೇವನಹಳ್ಳಿಯ ಚಕ್ಕೋತ: ಇಲ್ಲಿ ಎಲೆ, ಹಣ್ಣು, ಹೂ, ತರಕಾರಿ ಎಂಬ ಭೇದವಿಲ್ಲ, ಊರು, ಮಣ್ಣು, ನೀರು ಇವೇ ಹೆಸರಾಗಿ ನಿಂತಿವೆ. ಈ ಪಟ್ಟಿಯಲ್ಲಿಯೇ ಮಲೆನಾಡಿನ ಅಪ್ಪೆಮಿಡಿಯೂ ಇದೆ. ಹೊಳೆಯ ದಂಡೆಗಳಲ್ಲಿ ತಾನಾಗಿ ಬೆಳೆದ ಕಾಡುಮಾವಿನ ಎಳೆಗಾಯಿಯಿದು. ಹಣ್ಣಾಗುವವರೆಗೆ ಯಾರೂ ಕಾಯದೆ ಉಪ್ಪಿನಕಾಯಿಗೆ ಕೊಯ್ಯುವರು. ಅದಕ್ಕೆ ಬೇಲಿಯಿರಲಿಲ್ಲ, ಯಾರೂ ಅದರ ಬುಡವನ್ನು ಅಗೆಯಲಿಲ್ಲ, ನೀರನ್ನು ಹೊಳೆಯೇ ಕೊಟ್ಟಿತು. ಬುಕಾನನನಿಗೆ ಉತ್ತರವಿತ್ತ ರೈತರು ಇದನ್ನು ತೋಟವೆನ್ನುತ್ತಿರಲಿಲ್ಲ. ಪಠ್ಯಗ್ರಂಥದವರು ಹಣ್ಣಿನ ಶಾಖೆಗೆ ಸೇರಿಸುವರು, ತಿನ್ನುವವರು ಅದನ್ನು ಹಣ್ಣೆನ್ನುವುದಿಲ್ಲ. ಈಗ ಕೆಲವು ವರ್ಷಗಳಿಂದ ಸಾಗರ ಶಿರಸಿಗಳ ಕಡೆಯಲ್ಲಿ ಆ ಮರಗಳಿಂದ ಕಡ್ಡಿಗಳನ್ನು ತಂದು ಕಸಿಮಾಡಿ, ಗುಂಡಿ ತೋಡಿ, ಅಡಕೆಯ ತೋಟದ ಅಂಚಿನಲ್ಲಿ ಬೇಲಿಯೊಳಗೆ ನೆಡುತ್ತಿದ್ದಾರೆ.